ವೈನಿಗೆ ಶುಗರ್ ಇರಲಿಲ್ಲ

ನಮ್ಮ ಬಾಜೂ ಮನೆಯ ವೈನಿ ಹೋಗಿ ಒಂದು ತಿಂಗಳಾಯಿತು. ಮಧ್ಯಾಹ್ನ ಊಟ ಮಾಡಿ ಅಡ್ಡಾದವರು ಏಳಲಿಲ್ಲ. ಹಾರ್ಟ್ ಅಂತ ಡಾಕ್ಟರು ಬರೆದುಕೊಟ್ಟರು. ಆದರೆ ಮಾತಾಡಿಸಲಿಕ್ಕೆ ಬಂದ ನಮ್ಮ ಸಿಂದಗಿಯ ಜನ ತಮ್ಮದೇ ಸರ್ಟಿಫಿಕೇಟ್ ಕೊಟ್ಟು ಹೋದರು. “ಶುಗರ್ ಭಾಳ ಕೆಟ್ಟದ್ದು ನೋಡ್ರಿ. ಮೊದಲ ಕಣ್ಣ ತಿಂತು, ಈಗ ಜೀವಾನೇ ತಿಂತು.” ನಾನು ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಎಲ್ಲರಿಗೂ ತಲೆ ಅಲ್ಲಾಡಿಸಿದೆ. ವೈನಿಗೆ ಶುಗರ್ ಇರಲಿಲ್ಲ. ಅದು ಗೊತ್ತಿದ್ದವರು ಅವರ ಗಂಡ ರಾಯರು, ಮಗಳು ಮತ್ತು ನಾನು, ಅಷ್ಟೇ. ಹಾಗಂತ ನಾನು ತಿಳಿದುಕೊಂಡಿದ್ದೆ.

ಹೆಸರು ಬರೆಯುವುದಿಲ್ಲ. ಬರೆಯಲಿಕ್ಕೆ ಮಗಳ ಪರ್ಮಿಶನ್ ಇದೆ, ಹೆಸರು ಮಾತ್ರ ಬೇಡ ಅಂದಿದ್ದಾಳೆ. ಅವಳನ್ನು ಇಲ್ಲಿ ಸುಧಾ ಅನ್ನೋಣ. ಇನ್ನು ವೈನಿಯ ಹೆಸರು ಬರೆದರೂ ನಮ್ಮ ಓಣಿಯವರಿಗೇ ಗೊತ್ತಾಗಲಿಕ್ಕಿಲ್ಲ. ಹಾಲಿನವನಿಂದ ಹಿಡಿದು ಮಠದ ಆಚಾರ್ಯರವರೆಗೆ ಎಲ್ಲರಿಗೂ ಅವರು ವೈನಿ, ಅಂದರೆ ಅತ್ತಿಗೆ. ನಾನು ಅವರಿಗೆ ‘ಟೀಚರ್ ಬಾಯಿ’. ಬೆಳಗಾವಿಯ ಕಾನ್ವೆಂಟಿನಲ್ಲಿ ಬೆಳೆದು, ಮದುವೆಯಾಗಿ ಈ ಊರಿಗೆ ಬಂದು, ಹುಡುಗಿಯರ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು ನಾನು. ಬಂದ ಹೊಸದರಲ್ಲಿ ಕಿಟಕಿಗೆ ಲೇಸ್ ಕರ್ಟನ್ ಹಾಕಿದ್ದೆ. ವೈನಿ ಅದರ ಅಂಚನ್ನು ಎರಡು ಬೆರಳಿನಿಂದ ಎತ್ತಿ ನೋಡಿ, “ಒಳಗಿನವರು ಹೊರಗ ಕಾಣಬಾರದು ಅಂತ ಮಂದಿ ಪರದೆ ಹಾಕತಾರ. ನೀವು ತೂತಿನ ಪರದೆ ಹಾಕೀರಿ. ನಿಮ್ಮ ಸಿಸ್ಟರ್‌ಗಳು ಏನು ಕಲಿಸಿದರೋ” ಅಂದರು. ನಮ್ಮ ಫ್ರೆಂಡ್‌ಶಿಪ್ ಶುರುವಾದದ್ದು ಹೀಗೆ, ಅದನ್ನು ಫ್ರೆಂಡ್‌ಶಿಪ್ ಅನ್ನಬಹುದಾದರೆ.

ಎತ್ತರದ ಹೆಂಗಸು. ಮೈಮೇಲೆ ಮಾಂಸ ಕಡಿಮೆ. ಕಣ್ಣು ದೊಡ್ಡವಲ್ಲ, ಹುಣಸೆ ಬೀಜದಂತೆ ಸಣ್ಣ, ಕಪ್ಪು, ಗಟ್ಟಿ. ಆ ಕಣ್ಣೇ ಅವರ ಉದ್ಯೋಗ.

ಮಗನಿಗೆ ಕನ್ಯಾ ನೋಡಲಿಕ್ಕೆ ಹೊರಟ ನಮ್ಮ ಮಂದಿ ವೈನಿಯನ್ನು ಕರೆದುಕೊಂಡೇ ಹೋಗುತ್ತಿದ್ದರು. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಒಮ್ಮೊಮ್ಮೆ ತಾಂಬಾ, ಗೊಳಸಂಗಿಯ ತನಕ. ಹುಡುಗನ ತಂದೆ ತಾಯಿ ಶಿರಾ ಉಪ್ಪಿಟ್ಟು ತಿನ್ನುತ್ತ ಗೋತ್ರ, ನೌಕರಿ, ಬಂಧು ಬಳಗ ಅಂತ ಮಾತಾಡುತ್ತಿದ್ದರೆ ವೈನಿ ನೀರಿನ ನೆವ ಮಾಡಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಮನೆಯಿಂದ ಹೊರಡುವ ಮೊದಲೇ ತಮ್ಮ ಕುಪ್ಪಸದ ಒಂದು ಹುಕ್ಕನ್ನು ತಾವೇ ಸಡಿಲು ಮಾಡಿಕೊಂಡು ಬಂದಿರುತ್ತಿದ್ದರು. “ತಂಗೀ, ಬಸ್ಸಿನ್ಯಾಗ ಹುಕ್ಕ ಕಿತ್ತದ ನೋಡು. ಒಂದು ಟಾಕಾ ಹಾಕತೀಯೇನು?” ಹುಡುಗಿ ಸೂಜಿ ತರುತ್ತಾಳೆ, ದಾರ ಪೋಣಿಸುತ್ತಾಳೆ, ಎದೆಯ ಹತ್ತಿರ ಮುಖ ತಂದು ಹೊಲಿಯುತ್ತಾಳೆ. ಕಣ್ಣು ಕಿರಿದು ಮಾಡಿದಳೋ, ಬೆಳಕು ಹುಡುಕಿಕೊಂಡು ಹೋದಳೋ, ಕೈ ನಡುಗಿತೋ, ಮೂಗು ಮುರಿದಳೋ, ಅಷ್ಟರಲ್ಲಿ ವೈನಿಗೆ ಎಲ್ಲ ತಿಳಿಯುತ್ತಿತ್ತು. ಪೂರಾ ಕ್ಲಿನಿಕಲ್ ಎಕ್ಸಾಮಿನೇಶನ್, ಪಾಪದ ಹುಡುಗಿಗೆ ಗೊತ್ತೇ ಆಗದ ಹಾಗೆ.

ತೀರ್ಪು ತಿರುಗಿ ಬರುವ ಬಸ್ಸಿನಲ್ಲಿ. “ಮನ್ಯಾಗ ಗಾಳಿ ಛಲೋ ಆಡತದ” ಅಂದರೆ ಆಗಬಹುದು. “ನೀರು ಸ್ವಲ್ಪ ಉಪ್ಪದ” ಅಂದರೆ ಮುಗಿಯಿತು. ಈ ಮಾತು ಎಷ್ಟು ಹಬ್ಬಿತ್ತೆಂದರೆ ಇಂಡಿಯ ಒಬ್ಬ ಗೃಹಸ್ಥರು ವೈನಿ ಬರುತ್ತಾರೆಂದು ತಿಳಿದು ಆ ದಿನ ಬಾವಿ ನೀರಿನ ಬದಲು ಕ್ಯಾನಿನ ನೀರು ತರಿಸಿಟ್ಟಿದ್ದರಂತೆ. ಆ ಸಂಬಂಧ ಆಗಲಿಲ್ಲ.

ಒಮ್ಮೆ ನನಗೆ ತಮ್ಮ ಕೆಲಸದ ಗುಟ್ಟು ಹೇಳಿದರು. “ಹುಡುಗಿ ಇವತ್ತ ಹೆಂಗದಾಳ ಅನ್ನೋದು ಎಲ್ಲಾರಿಗೂ ಕಾಣತದ, ಟೀಚರ್ ಬಾಯಿ. ಮುಂದ ಹೆಂಗಾಗತಾಳ ಅನ್ನೋದು ತಾಯಿ ಮಾರಿ ಮ್ಯಾಲೆ ಕಾಣತದ. ಹುಡುಗೀನ್ನ ನೋಡೋದು ನೆವಾ. ನಾ ನೋಡೋದು ತಾಯೀನ್ನ.”

ನನ್ನ ತಂಗಿಯ ಮಗಳನ್ನು ಮುದ್ದೇಬಿಹಾಳದಲ್ಲಿ ನೋಡಲಿಕ್ಕೆ ಹೋದವರ ಜೊತೆಗೂ ವೈನಿಯೇ ಇದ್ದರು. ಆ ಹುಡುಗಿಗೆ ಸಣ್ಣಂದಿನಿಂದ ಪ್ಲಸ್ ನಂಬರಿನ ದಪ್ಪ ಚಷ್ಮಾ. ಅವತ್ತು ಅದನ್ನು ಕಪಾಟಿನಲ್ಲಿ ಇಟ್ಟಿದ್ದರು. ಸೂಜಿಯ ಕಣ್ಣಿಗೆ ದಾರ ಹೋಗಲಿಲ್ಲ. ನೀರು ಉಪ್ಪಾಯಿತು. ಐ ವಾಸ್ ಫ್ಯೂರಿಯಸ್. ನೆಟ್ಟಗೆ ಅವರ ಪಡಸಾಲೆಗೆ ಹೋಗಿ, ಒಂದು ಚಷ್ಮಾಕ್ಕೆ ಹುಡುಗಿಯ ಬದುಕು ತೂಗುತ್ತೀರೇನು ಅಂತ ಕೇಳಿದೆ.

“ಚಷ್ಮಾ ಇದ್ದದ್ದಕ್ಕ ನಾ ಬ್ಯಾಡ ಅನಲಿಲ್ಲ” ಅಂದರು ಶಾಂತವಾಗಿ, ಶೇಂಗಾ ಸುಲಿಯುವುದನ್ನು ಬಿಡದೆ. “ಮುಚ್ಚಿಟ್ಟಿದ್ದಕ್ಕ ಅಂದೆ. ಇದನ್ನ ಮುಚ್ಚಿಟ್ಟ ಮಂದಿ ಇನ್ನೇನು ಮುಚ್ಚಿಟ್ಟಾರೋ, ಯಾರಿಗೆ ಗೊತ್ತು? ನೀವೂ ತಿನ್ರಿ, ಹಸೀ ಶೇಂಗಾ.”

ಆ ಹುಡುಗಿಗೆ ಆಮೇಲೆ ಬೇರೆ ಕಡೆ ಆಯಿತು, ಚಷ್ಮಾ ಹಾಕಿಕೊಂಡೇ ಹಸೆಮಣೆ ಏರಿದಳು, ಸುಖವಾಗಿದ್ದಾಳೆ. ನಾನು ಮಾತ್ರ ಬಹಳ ದಿನ ವೈನಿಯ ಮನೆಯ ಅರಿಷಿಣ ಕುಂಕುಮಕ್ಕೆ ಹೋಗಲಿಲ್ಲ.

ಮತ್ತೆ ಹೋಗುವಂತಾದದ್ದು ನಮ್ಮವರು ತೀರಿಕೊಂಡಾಗ. ಬಂದವರೆಲ್ಲ ನನ್ನನ್ನು ತಬ್ಬಿಕೊಂಡು ತಾವೇ ಅತ್ತು ಹೋಗುತ್ತಿದ್ದರು. ನಾನು ಸ್ಟಿಫ್ ಅಪ್ಪರ್ ಲಿಪ್ ಅಂತ ಹಲ್ಲು ಕಚ್ಚಿಕೊಂಡು ಕೂತಿದ್ದೆ. ವೈನಿ ದಿನಾ ಸಂಜೆ ಒಂದು ಸಿವುಡು ಮೆಂತೆ ಪಲ್ಲೆ ತಂದು ನನ್ನ ಎದುರು ಕೂತು ಸೋಸುತ್ತಿದ್ದರು. ಸಮಾಧಾನದ ಮಾತು ಒಂದೂ ಇಲ್ಲ. ಮೂರನೆಯ ದಿನವೋ ನಾಲ್ಕನೆಯ ದಿನವೋ ಪಲ್ಲೆಯಿಂದ ಮುಖ ಎತ್ತದೆ ಅಂದರು: “ಅಳ್ರಿ. ನಾ ನೋಡೋದಿಲ್ಲ.”

ಆ ಒಂದು ಮಾತಿಗೆ ನಾನು ಅವರಿಗೆ ಎಲ್ಲ ಮಾಫ್ ಮಾಡಿದೆ. ಎಲ್ಲವನ್ನೂ ನೋಡುವ ಹೆಂಗಸು ನನಗಾಗಿ ನೋಡದೆ ಕೂತಿದ್ದರು.

ಕಣ್ಣಿನ ಕತೆ ಶುರುವಾದದ್ದು ಓಣಿಯಲ್ಲೆಲ್ಲ ಚಿಕುನ್‌ಗುನ್ಯಾ ಬಂದ ವರ್ಷ. ಎಲ್ಲರೂ ಮೊಣಕಾಲು ಹಿಡಿದುಕೊಂಡು ಗೋಡೆ ಆಸರೆಯಲ್ಲಿ ನಡೆದವರೇ. ವೈನಿಗೂ ಬಂತು, ಹೋಯಿತು. ಕೆಲವು ವಾರಗಳ ಮೇಲೆ ಅವರಿಗೆ ವಿಪರೀತ ತಲೆಶೂಲೆ, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಆಮೇಲೆ ಎರಡೂ ಕಣ್ಣು ಕೆಂಪು. “ಕಣ್ಣ ಬಂದಾವ” ಅಂತ ಮೆಡಿಕಲ್ ಅಂಗಡಿಯಿಂದ ಡ್ರಾಪ್ಸ್ ತರಿಸಿ ಹಾಕಿಕೊಂಡರು. ಒಂದು ದಿನ ಮುಂಜಾನೆ ನಮ್ಮ ಗೇಟಿನ ಹತ್ತಿರ ನಿಂತು, “ಟೀಚರ್ ಬಾಯಿ, ಬಿಸಲಿಗೆ ಕಣ್ಣ ತೆರೀಲಿಕ್ಕೆ ಆಗವಲ್ತು. ನೀವು ನೀರಾಗ ನಿಂತಂಗ ಕಾಣಲಿಕ್ಕತ್ತೀರಿ” ಅಂದರು. ನಾನು ಅವತ್ತೇ ರಾಯರನ್ನು ಹೊರಡಿಸಿ, ಮೂವರೂ ಗಾಡಿ ಮಾಡಿಕೊಂಡು ವಿಜಯಪುರಕ್ಕೆ ಹೋದೆವು.

ಕಣ್ಣಿನ ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ, ನನ್ನ ಸ್ಟೂಡೆಂಟಿನ ವಯಸ್ಸು. ಬಹಳ ಹೊತ್ತು ನೋಡಿದಳು. ರಕ್ತ ತೆಗೆಸಿದಳು, ಕಣ್ಣೊಳಗಿನ ಫೋಟೋ ತೆಗೆಸಿದಳು. ಆಮೇಲೆ ಸ್ಟೂಲ್ ಎಳೆದುಕೊಂಡು ವೈನಿಯ ಎದುರೇ ಕೂತು ಹೇಳಿದಳು.

“ಜ್ವರ ಹೋಗೈತ್ರಿ ಅಮ್ಮಾರ. ಆದ್ರ ಜ್ವರದ ಜೋಡಿ ಹೊಡದಾಡಿದ ನಿಮ್ಮ ಮೈಯಾಗಿನ ಶಕ್ತಿ ಐತಲ್ಲ, ಅದು ಇನ್ನೂ ಸುಮ್ಮನಾಗಿಲ್ಲ. ಕಣ್ಣಾಗಿನ ಬಣ್ಣದ ಪದರಾನ ವೈರಿ ಅಂತ ತಿಳಕೊಂಡು ಹೊಡ್ಯಾಕತ್ತೈತಿ. ಜ್ವರದಿಂದನ ಆತು ಅಂತ ಖಾತ್ರಿ ಹೇಳಾಕ ಆಗೂದಿಲ್ಲ, ಆದ್ರ ಹಿಂಗ ಆಗೂದುಂಟು.” ನನ್ನ ಕಡೆ ತಿರುಗಿ, “ಆಟೋಇಮ್ಯೂನ್, ಮ್ಯಾಡಂ” ಅಂದಳು.

ವೈನಿ ಕಣ್ಣು ಮುಚ್ಚಿಕೊಂಡೇ ನಕ್ಕರು. “ಅಂದ್ರ ಮನಿ ಮಂದೀನೇ ಮನಿ ಮಂದೀಗೆ ಹೊಡದಂಗ. ಅದರಾಗ ಹೊಸಾದೇನದ?”

ರಾಯರು ಕೇಳಿದ್ದು ಒಂದೇ ಪ್ರಶ್ನೆ. ತಹಶೀಲ್ದಾರ ಕಚೇರಿಯಲ್ಲಿ ಜೀವಮಾನವೆಲ್ಲ ಫೈಲು ನೋಡಿದ ಮನುಷ್ಯ, ಮೊದಲು ಎಲ್ಲಿ ಆಕ್ಷೇಪಣೆ ಬರಬಹುದು ಅಂತಲೇ ಯೋಚಿಸುತ್ತಿದ್ದರು. “ಇದು ಮಕ್ಕಳಿಗೆ ಬರತದೇನ್ರಿ?”

“ಹಂಗ ತಾಯಿಂದ ಮಗಳಿಗೆ ಬರೂ ಬ್ಯಾನಿ ಅಲ್ರಿ ಇದು. ಅಂಟೂದೂ ಇಲ್ಲ. ಆದ್ರ ಪೂರಾ ಇಲ್ಲೇ ಇಲ್ಲ ಅಂತ ಯಾವ ಡಾಕ್ಟರೂ ಬರದು ಕೊಡೂದಿಲ್ಲ.”

ರಾಯರಿಗೆ ಕೊನೆಯ ವಾಕ್ಯ ಒಂದೇ ಕೇಳಿಸಿತು ಅಂತ ಅವರ ಮುಖ ನೋಡಿಯೇ ಗೊತ್ತಾಯಿತು.

ಸ್ಟಿರಾಯ್ಡ್ ಗುಳಿಗೆ ಶುರುವಾಯಿತು. ತಿಂಗಳುಗಟ್ಟಲೆ ತಗೋಬೇಕು, ನಿಧಾನವಾಗಿ ಇಳಿಸಬೇಕು, ನನ್ನನ್ನು ಕೇಳದೆ ಒಂದು ಗುಳಿಗೆಯನ್ನೂ ಬಿಡಬಾರದು ಅಂತ ಆ ಹುಡುಗಿ ಮತ್ತೆ ಮತ್ತೆ ಹೇಳಿದಳು. ಶುಗರ್ ಏರಬಹುದು, ನೋಡ್ತಿರಬೇಕು ಅಂತಲೂ ಹೇಳಿದಳು. ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ಮುಚ್ಚಲಿಲ್ಲ. “ಮತ್ತ ಬರತೈತಿ, ಮೊದಲಿನಕಿಂತ ಜೋರ್ ಬರತೈತಿ. ಆವಾಗ ನನ್ನ ಕೈಯಾಗ ಭಾಳೇನೂ ಉಳಿಯೂದಿಲ್ಲ.”

ಗುಳಿಗೆ ಹಿಡಿಯಿತು. ದೃಷ್ಟಿ ತಿರುಗಿ ಬಂತು. ಆ ದೀಪಾವಳಿಗೆ ವೈನಿ ನಮ್ಮ ಅಂಗಳದ ರಂಗೋಲಿಯಲ್ಲಿ ಒಂದು ಎಳೆ ತಪ್ಪಿದ್ದನ್ನು ತಮ್ಮ ಕಟ್ಟೆಯ ಮೇಲೆ ನಿಂತೇ ತೋರಿಸಿದರು. ನಾನು ಸಂತೋಷದಿಂದ ಬೈಸಿಕೊಂಡೆ.

ಆದರೆ ಮುಖ ಬದಲಾಗಿತ್ತು. ಗಲ್ಲ ಊದಿ ಚಂದ್ರನ ಹಾಗೆ ಗುಂಡಗಾಗಿತ್ತು, ಮೇಲುತುಟಿಯ ಮೇಲೆ ನವಿರು ಕೂದಲು. ಅದು ಗುಳಿಗೆಯ ಕೆಲಸ. ಇನ್ನೊಂದು ರೋಗದ ಕೆಲಸ. ಎಡಗಣ್ಣಿನ ರೆಪ್ಪೆಗೂದಲು ಒಂದೊಂದಾಗಿ ಬೆಳ್ಳಗಾಗಿ, ಆಮೇಲೆ ಹುಬ್ಬಿನ ತುದಿಯೂ ಬೆಳ್ಳಗಾಯಿತು. ಬಣ್ಣದ ಮೇಲೆ ಹಗೆ ಸಾಧಿಸುವ ರೋಗ, ಕಣ್ಣು ಸಿಗದಿದ್ದರೆ ಕೂದಲನ್ನಾದರೂ ಹಿಡಿಯುತ್ತದೆ ಅಂತ ಡಾಕ್ಟರು ಫೋನಿನಲ್ಲಿ ಹೇಳಿದಳು, ಅದರಿಂದ ಅಪಾಯವಿಲ್ಲ ಅಂದಳು. ಡಾಕ್ಟರಿಗೆ ನಮ್ಮ ಕಡೆಯ ಮದುವೆಯ ಮಾತುಕತೆ ಗೊತ್ತಿರಲಿಲ್ಲ. ಬಿಳಿ ರೆಪ್ಪೆ ಕಂಡರೆ ನಮ್ಮಲ್ಲಿ ಯಾರೂ ಕಣ್ಣಿನ ರೋಗ ಅನ್ನುವುದಿಲ್ಲ. ತೊನ್ನು ಅನ್ನುತ್ತಾರೆ. ಆಮೇಲೆ ಆ ಮನೆಯ ಹುಡುಗಿಯನ್ನು ಯಾರೂ ಕೇಳುವುದಿಲ್ಲ.

ಅದೇ ಹೊತ್ತಿಗೆ ಸುಧಾಳಿಗೆ ಬಾಗೇವಾಡಿಯ ಸಂಬಂಧ ಬಂತು. ಹುಡುಗ ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರ್. ಸುಧಾ ಬಿ.ಎಡ್ ಮುಗಿಸಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಇಬ್ಬರೂ ಒಂದು ಟ್ರೇನಿಂಗಿನಲ್ಲಿ ನೋಡಿ ಮಾತಾಡಿದ್ದರು, ಸುಧಾಳ ಮನಸ್ಸಿಗೆ ಬಂದಿತ್ತು. ಹಾಗಂತ ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ನೋಡುವುದಕ್ಕೆ ವೈನಿ ಇದ್ದರಲ್ಲ. ಫೋನ್ ಬಂದಾಗ ಮಗಳು ಅಡುಗೆಮನೆಯಿಂದ ಹಿತ್ತಲಿಗೆ ಹೋಗುವ ರೀತಿಯಿಂದಲೇ ಅವರಿಗೆ ತಿಳಿದಿತ್ತು.

ಸ್ವಲ್ಪ ದಿನದ ಮೇಲೆ ವೈನಿಯ ಗಲ್ಲ ಇಳಿಯತೊಡಗಿತು. ಡೋಸ್ ಕಡಿಮೆಯಾಗಿರಬೇಕು ಅಂದುಕೊಂಡೆ. ಒಂದು ಮಧ್ಯಾಹ್ನ ನಮ್ಮ ಮನೆಗೆ ಬಂದು, ಬಾಗಿಲು ಹಾಕಿ, ಕುರ್ಚಿಯ ತುದಿಗೆ ಕೂತರು.

“ನಿಮ್ಮ ಕಾನ್ವೆಂಟ್ ಮಂದಿ ರೆಪ್ಪಿಗೆ ಕರೀ ಬಣ್ಣ ಹಚ್ಚತಾರಲ್ಲ, ಬ್ರಶ್ಶಿನಿಂದ. ಅದು ತರಿಸಿಕೊಡ್ರಿ.”

“ಮಸ್ಕಾರಾ? ವೈನಿ, ಆ ಕಣ್ಣಿಗೆ ಅದನ್ನ ಹಚ್ಚತೀರೇನು? ಡಾಕ್ಟರ್ ಕೇಳಿದರ ಏನಂತಾಳ?”

“ಆಕೀಗೆ ಯಾರು ಹೇಳತಾರ?” ಅಂದರು. ನನ್ನ ಟೇಬಲ್ ಕ್ಲಾತಿನ ಹೂವು ಸವರುತ್ತ, “ಗುಳಿಗೀನೂ ಬಿಟ್ಟೇನಿ” ಅಂದರು.

ಸುಧಾ ದಿನಾ ಎದುರು ನಿಂತು ಗುಳಿಗೆ ಕೊಡುತ್ತಿದ್ದಳು. ವೈನಿ ಅದನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು, ನೀರು ಕುಡಿದು, ಬಚ್ಚಲಿಗೆ ಹೋಗಿ ಉಗುಳುತ್ತಿದ್ದರು. ನಾನು ಕೂಗಾಡಿದೆ. ಇಂಗ್ಲಿಷಿನಲ್ಲೂ ಬೈದೆ, ನನಗೆ ಸಿಟ್ಟು ಬಂದರೆ ಅದೇ ಬರುವುದು. ಅವರು ಕೇಳಿಸಿಕೊಂಡು ಕೂತರು, ಕೆಲಸದವಳು ಪಾತ್ರೆ ಎತ್ತಿಹಾಕಿ ಮುಗಿಸಲಿ ಅಂತ ಕಾಯುವ ಹಾಗೆ.

“ಆತೇನು? ಈಗ ನಂದು ಕೇಳ್ರಿ. ಅಷ್ಟು ಮನಿಯೊಳಗ ತಾಯಂದಿರ ಮಾರಿ ನೋಡೇನಿ ನಾ. ನನ್ನಂಥಾಕಿ ಒಬ್ಬಾಕಿ ನಾಳೆ ಬಂದು ನನ್ನ ಎದುರಿಗೆ ಕೂಡತಾಳ. ಊದಿದ ಮಾರಿ, ಬಿಳೇ ರೆಪ್ಪಿ. ಏನಂತಾಳ? ನೀರು ಉಪ್ಪದ ಅಂತಾಳ. ಆಕಿ ಜಾಗಾದಾಗ ನಾ ಇದ್ರ ನಾನೂ ಅದ ಅಂತಿದ್ದೆ.”

“ಖರೇ ಹೇಳ್ರಿ ಅವರಿಗೆ. ಅಂಟೋದಲ್ಲ, ಮಗಳಿಗೆ ಬರೋದಲ್ಲ ಅಂತ ಡಾಕ್ಟರ ಬಾಯಿಂದನೇ ಹೇಳಸೋಣ.”

“ಟೀಚರ್ ಬಾಯಿ,” ಅವರ ದನಿಯಲ್ಲಿ ಕರುಣೆ ಇತ್ತು, ನನ್ನ ಮೇಲೆ. “ಹೇಳಿದ್ದನ್ನ ಯಾರೂ ಕೇಳೋದಿಲ್ಲ ಅಲ್ಲೆ. ಕಂಡದ್ದನ್ನ ನಂಬತಾರ.”

ನಾನು ನೆಟ್ಟಗೆ ರಾಯರ ಹತ್ತಿರ ಹೋದೆ. ಅವರು ಪೇಪರ್ ಮಡಿಸಿಟ್ಟು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಹೊರಗೆ ನೋಡಿ, “ಸ್ವಲ್ಪ ದಿನದ ಮಾತು ಅದ. ಕಾರ್ಯ ಆಗಲಿ, ಮತ್ತ ಶುರು ಮಾಡಿದ್ರಾತು” ಅಂದರು, ಏಕಾದಶಿಗೆ ಊಟ ಬಿಟ್ಟು ದ್ವಾದಶಿಗೆ ಮಾಡಿದ ಹಾಗೆ. ಇಷ್ಟು ಓದಿದ ಮನುಷ್ಯ. ಗುಳಿಗೆಯನ್ನೂ ವ್ರತದ ಲೆಕ್ಕಕ್ಕೆ ಸೇರಿಸಿದ್ದರು. ಸುಧಾಳಿಗೆ ಹೇಳುತ್ತೇನೆ ಅಂದೆ. ಅಷ್ಟರಲ್ಲಿ ವೈನಿ ನನ್ನ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. “ಹೇಳ್ರಿ. ಆಕಿ ಮದುವೀನೇ ಬ್ಯಾಡ ಅಂತ ಕೂಡತಾಳ. ಕಣ್ಣೂ ಹೋಗಿ, ಮಗಳೂ ಮನ್ಯಾಗ ಕುಂತ್ರ ನಿಮಗ ಸಮಾಧಾನ ಆಗತದೇನು?”

ಮಸ್ಕಾರಾ ನಾನು ತರಿಸಿಕೊಡಲಿಲ್ಲ. ಎಲ್ಲಿಂದಲೋ ತರಿಸಿಕೊಂಡಿದ್ದರು.

ನೋಡಲಿಕ್ಕೆ ಬಂದ ದಿನ ನಾನೂ ಇದ್ದೆ. ವೈನಿ ಎಲ್ಲ ವ್ಯವಸ್ಥೆ ತಾವೇ ಮಾಡಿದ್ದರು, ಜನರಲ್ ಯುದ್ಧ ಹೂಡಿದ ಹಾಗೆ. ಬೀಗರು ಕೂಡುವ ಜಮಖಾನೆಯ ಮುಖ ಕಿಟಕಿಗೆ, ತಮ್ಮ ಮುಖ ನೆರಳಿಗೆ ಬರುವಂತೆ ತಾವು ಕಿಟಕಿಗೆ ಬೆನ್ನು ಹಾಕಿ. ಕುಪ್ಪಸದ ಹುಕ್ಕು ಕಿತ್ತ ಯಾರಾದರೂ ಅಡುಗೆಮನೆಗೆ ಬಂದಾರು ಎಂದು ಸೂಜಿ ದಾರ ಕೂಡ ಸಿದ್ಧ. ಆದರೆ ಹುಡುಗನ ತಾಯಿ ಜೊತೆಗೆ ಯಾರನ್ನೂ ಕರೆತಂದಿರಲಿಲ್ಲ. ತುಂಬಿದ ಮೈಯ, ಮಾತಿಗೊಮ್ಮೆ ನಗುವ ಹೆಂಗಸು. ಶಿರಾ ಎರಡು ಸಲ ಹಾಕಿಸಿಕೊಂಡರು, ಸುಧಾಳ ಗಲ್ಲ ಮುಟ್ಟಿ ಲಟಿಕೆ ತೆಗೆದರು, ಅಡುಗೆಮನೆ ಕಡೆ ತಿರುಗಿಯೂ ನೋಡಲಿಲ್ಲ. ಹೋಗುವಾಗ ವೈನಿಯ ಎರಡೂ ಕೈ ಹಿಡಿದು, “ನಮಗೇನೂ ನೋಡೋದಿಲ್ರಿ, ಹುಡುಗಿ ನಮ್ಮಾಕಿ” ಅಂದರು.

ಅವರ ಗಾಡಿ ತಿರುವು ದಾಟಿದ ಮೇಲೆ ವೈನಿ ಗೋಡೆ ಹಿಡಿದುಕೊಂಡು ಕೂತರು. ಗುಳಿಗೆ ಬಿಟ್ಟ ನಿಶ್ಶಕ್ತಿ. ಆದರೂ ಮುಖದಲ್ಲಿ ಗೆದ್ದ ಕಳೆ. “ಭೋಳೆ ಹೆಣ್ಮಗಳು. ಏನೂ ನೋಡಲಿಲ್ಲ. ನಾ ಸುಮ್ಮನ ಹೆದರಿದ್ದೆ.”

ನಿಶ್ಚಯಕ್ಕೂ ಮದುವೆಗೂ ನಡುವೆ ರೋಗ ಮರಳಿ ಬಂತು. ಡಾಕ್ಟರು ಹೇಳಿದ್ದಕ್ಕಿಂತ ಜೋರಾಗಿ. ವೈನಿ ಯಾರಿಗೂ ಹೇಳಲಿಲ್ಲ. ಹಪ್ಪಳ ಸಂಡಿಗೆಯ ನೆವದಲ್ಲಿ ಕೋಣೆಯ ಕಿಟಕಿ ಮುಚ್ಚಿಸಿದರು, ಅಕ್ಕಿ ಆರಿಸುವ ಕೆಲಸವನ್ನು ನಾದಿನಿಗೆ ವಹಿಸಿದರು, ಕೆಂಪಾದ ಕಣ್ಣಿಗೆ ಒಲೆಯ ಹೊಗೆಯ ಕಾರಣ ಹೇಳಿದರು. ಗ್ಯಾಸ್ ಒಲೆಗೆ ಎಲ್ಲಿಯ ಹೊಗೆ ಅಂತ ಮದುವೆ ಮನೆಯ ಗದ್ದಲದಲ್ಲಿ ಯಾರೂ ಕೇಳಲಿಲ್ಲ.

ಮದುವೆ ದಿನ ಮಂಟಪದಲ್ಲಿ ನನ್ನ ಕೈ ಹಿಡಿದು ತಮ್ಮ ಬಾಜೂ ನಿಲ್ಲಿಸಿಕೊಂಡರು. ಮಂಗಲಾಷ್ಟಕ ನಡೆದಿತ್ತು. ಅಂತರಪಟ ಹಿಡಿದಿದ್ದರು. ಆ ಕೈ ತಣ್ಣಗಿತ್ತು. ನನ್ನ ಕಿವಿಯ ಹತ್ತಿರ ಬಾಗಿ ಕೇಳಿದರು: “ಆಕಿ ನಗಲಿಕ್ಕತ್ತಾಳೇನು?”

ನಾನು ಅವರ ಮುಖ ನೋಡಿದೆ. ಕಣ್ಣು ಸುಧಾ ಇದ್ದ ಕಡೆಗೇ ಇರಲಿಲ್ಲ. ನಾದಸ್ವರದವರ ಕಡೆ ಇತ್ತು.

“ನಗಲಿಕ್ಕತ್ತಾಳ” ಅಂದೆ. ಅದು ನಿಜವೂ ಆಗಿತ್ತು.

“ಅವಾ?”

“ಅವನೂ.”

ಅಂತರಪಟ ಸರಿದಾಗ ಎಲ್ಲರೂ ಅಕ್ಷತೆ ಹಾಕಿದರು. ವೈನಿ ಜನರ ಗದ್ದಲ ಕೇಳಿ ಅಂದಾಜಿನ ಮೇಲೆ ಎಸೆದರು. ಅವರ ಅಕ್ಷತೆ ಮಗಳ ತನಕ ಮುಟ್ಟಲಿಲ್ಲ.

ಆಮೇಲೆ ಡಾಕ್ಟರ ಹತ್ತಿರ ಹೋದೆವು. ಆ ಹುಡುಗಿ ಬಯ್ಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಲೈಟ್ ಆರಿಸಿ, ಎರಡೂ ಕಣ್ಣನ್ನು ಮತ್ತೆ ಮೊದಲಿನಿಂದ ನೋಡಿದಳು. ಮತ್ತೆ ಗುಳಿಗೆ, ಇಂಜೆಕ್ಷನ್, ಕಣ್ಣಿನೊತ್ತಡಕ್ಕೆ ಆಪರೇಶನ್, ಎಲ್ಲ ಆಯಿತು. ಉಳಿದದ್ದು ಹಗಲು ಯಾವುದು, ರಾತ್ರಿ ಯಾವುದು ಅನ್ನುವಷ್ಟು.

ಶುಗರ್ ರಾಯರ ಐಡಿಯಾ. ಗುಳಿಗೆಯಿಂದ ನಡುವೆ ಒಮ್ಮೆ ಶುಗರ್ ಏರಿತ್ತು, ಅದರ ರಿಪೋರ್ಟ್ ಇತ್ತು. “ಬೀಗರು ಏನು ಕೇಳಿದರೂ ಶುಗರ್‌ನಿಂದ ಕಣ್ಣ ಹೋದವು ಅನ್ರಿ” ಅಂತ ನಮಗೆಲ್ಲ ಹೇಳಿಕೊಟ್ಟರು. ನಮ್ಮಲ್ಲಿ ಶುಗರ್ ರೆಸ್ಪೆಕ್ಟೆಬಲ್. ಅಡತಿ ಅಂಗಡಿಯವರಿಗೂ ಇದೆ, ವಕೀಲರಿಗೂ ಇದೆ, ಆಚಾರ್ಯರಿಗೂ ಇದೆ. ಶುಗರ್ ಇದ್ದ ಮನೆಯ ಹೆಣ್ಣು ತರುವುದನ್ನು ಯಾರೂ ಬಿಟ್ಟಿಲ್ಲ.

ಆದರೆ ಸುಳ್ಳನ್ನು ಒಮ್ಮೆ ಹೇಳಿದರೆ ಸಾಲದು, ದಿನಾ ಉಣ್ಣಬೇಕಾಗುತ್ತದೆ. ವೈನಿಗೆ ಸಿಹಿ ಅಂದರೆ ಪ್ರಾಣ. ಹೂರಣದ ಹೋಳಿಗೆಗೆ ಹಾಲು ತುಪ್ಪ ಸುರಿದುಕೊಂಡು ಉಣ್ಣುತ್ತಿದ್ದವರು. ಈಗ ಬಾಗೇವಾಡಿಯಿಂದ ಬೀಗರು ಬಂದಾಗ, ಹಬ್ಬದಲ್ಲಿ, ಸುಧಾಳ ಸೀಮಂತದಲ್ಲಿ, ಮೊಮ್ಮಗಳ ನಾಮಕರಣದಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. “ಬ್ಯಾಡ್ರಿ, ನನಗ ಆಗೋದಿಲ್ಲ.” ಮೊದಮೊದಲು ಬೀಗರ ಎದುರಿಗಷ್ಟೇ. ಆಮೇಲೆ ಕಾಣುವುದಿಲ್ಲವಲ್ಲ, ಎದುರಿಗೆ ಯಾರಿದ್ದಾರೋ ಅನ್ನುವ ಹೆದರಿಕೆಗೆ ಯಾವಾಗಲೂ. ನಾನು ಒಬ್ಬಳೇ ಇದ್ದಾಗ ಬಟ್ಟಲಲ್ಲಿ ಪಾಯಸ ಕೊಟ್ಟರೂ, “ಬಾಗಲ ಹಾಕೇದೇನು? ಯಾರದಾರ ನೋಡ್ರಿ” ಅಂತ ಕೇಳಿ, ಕೊನೆಗೆ ಬಟ್ಟಲು ಕೆಳಗಿಡುತ್ತಿದ್ದರು. ಕನ್ಯಾ ನೋಡಲಿಕ್ಕೆ ಯಾರೂ ಕರೆಯಲಿಲ್ಲ ಎಂದು ಬೇರೆ ಹೇಳಬೇಕೇ? ಒಂದು ಕಾಲಕ್ಕೆ ಅವರಿಗಾಗಿ ಗಾಡಿ ಕಳಿಸುತ್ತಿದ್ದವರು ಈಗ ಓಣಿಯಲ್ಲಿ ಎದುರಾದರೆ ಸದ್ದು ಮಾಡದೆ ದಾಟಿ ಹೋಗುತ್ತಿದ್ದರು. ವೈನಿಗೆ ಗೊತ್ತಾಗುತ್ತಿತ್ತು. “ಈಗ ಹೋದಾಕಿ ಯಾರು, ಚಪ್ಪಲಿ ಕೈಯಾಗ ಹಿಡಕೊಂಡು?” ಅಂತ ನನ್ನನ್ನು ಕೇಳಿ ನಗುತ್ತಿದ್ದರು. ಸ್ವೀಟ್ ನಗು ಅಲ್ಲ ಅದು.

ಒಂದೇ ಸಮಾಧಾನ ಇತ್ತು ಅವರಿಗೆ, ಅದನ್ನು ಜಪಮಣಿಯ ಹಾಗೆ ಹಿಡಿದುಕೊಂಡಿದ್ದರು. “ಹೋಗಲಿ ಬಿಡ್ರಿ. ಸುಧಾ ದಾಟಿದಳು.”

ವೈಕುಂಠ ಸಮಾರಾಧನೆಗೆ ಬಾಗೇವಾಡಿಯವರೆಲ್ಲ ಬಂದಿದ್ದರು. ಬ್ರಾಹ್ಮಣರ ಊಟ ನಡೆದಿತ್ತು. ಸುಧಾಳ ಅತ್ತೆ ನನ್ನ ಬಾಜೂ ಕೂತು, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, ಭಾಳ ಸಹಜವಾಗಿ, ಮಳೆ ಬೆಳೆಯ ಮಾತಿನ ನಡುವೆ ಅಂದರು: “ನೀವು ಬಾಜೂಕ ಇದ್ದವರು, ನಿಮಗ ಗೊತ್ತಿರಬೇಕಲ್ಲ. ಅದು ಶುಗರ್ ಅಲ್ಲ.”

ನಾನು ಊಟದ ಪಂಕ್ತಿಯ ಕಡೆ ನೋಡಿದೆ.

“ನೋಡಲಿಕ್ಕೆ ಬಂದ ದಿನಾನೇ ಕಂಡಿತ್ತು ನನಗ. ಶಿರಾ ಹಾಕಲಿಕ್ಕೆ ಬಗ್ಗಿದರು, ಬೆವರಿಗೆ ಕರೀ ಬಣ್ಣ ಗಲ್ಲದ ಮ್ಯಾಲೆ ಇಳೀತು. ಕೆಳಗ ರೆಪ್ಪಿ ಬೆಳ್ಳಗ. ಎರಡನೇ ಸಲ ಶಿರಾ ಬೇಡಿದ್ದ ಅದಕ್ಕ, ಖಾತ್ರಿ ಮಾಡಿಕೊಳ್ಳಲಿಕ್ಕೆ.”

“ಕಂಡಿತ್ತು ಅಂದ್ರ ಕೇಳಲಿಲ್ಲ ಯಾಕ? ನೀವು ಒಂದು ಮಾತು ಕೇಳಿದ್ರ ಅವರು ಅವತ್ತೇ ಗುಳಿಗಿ ಮತ್ತ ಶುರು ಮಾಡತಿದ್ದರು.”

“ಕೇಳಿ ನಮಗೇನಾಗಬೇಕಾಗಿತ್ತು? ಹುಡುಗಿ ಛಲೋ ಇದ್ದಳು, ನೌಕರಿ ಇತ್ತು, ಮಗನ ಮನಸಿನ್ಯಾಗೂ ಇತ್ತು.” ಆಮೇಲೆ ನನ್ನ ಕಡೆ ವಾಲಿ, ಒಳ್ಳೆಯ ಉಪ್ಪಿನಕಾಯಿ ಹಾಕುವ ಬಗೆ ಹೇಳಿಕೊಡುವವರ ಹಾಗೆ ಅಂದರು: “ಹೆಣ್ಣಿನವರ ಕಡೆ ಒಂದು ಗುಟ್ಟು ಇದ್ರ ಬೀಗತನ ಸುಸೂತ್ರ ನಡೀತದ್ರಿ. ಇಷ್ಟು ವರ್ಷ ಆತು, ಈ ಮನಿಯಿಂದ ಒಂದು ಎದುರು ಮಾತು ಬಂದಿಲ್ಲ. ಹಬ್ಬಕ್ಕ ಕಳಸು ಅಂತ ಜಗ್ಗಾಡಲಿಲ್ಲ, ಬಾಣಂತನ ನಾವ ಮಾಡತೇವಿ ಅನಲಿಲ್ಲ. ಭಾಳ ಮರ್ಯಾದಿ ಮಂದಿ.”

ನಾನು ಎದ್ದು ಹಿತ್ತಲಿಗೆ ಹೋದೆ. ಸುಧಾ ನಲ್ಲಿಯ ಹತ್ತಿರ ಮುಂದಿನ ಪಂಕ್ತಿಗೆ ಬಾಳೆಲೆ ತೊಳೆಯುತ್ತಿದ್ದಳು. ಕೂದಲಲ್ಲಿ ಒಂದೆರಡು ಬೆಳ್ಳಿ ಎಳೆ ಬಂದಿವೆ ಅವಳಿಗೂ, ವಯಸ್ಸಿನವು. ನನ್ನ ಮುಖ ನೋಡಿದ್ದೇ ಕೇಳಿದಳು.

“ಅತ್ತಿ ಹೇಳಿದರೇನು, ಮೌಶಿ?”

“ನಿನಗ ಗೊತ್ತಿತ್ತೇನು?”

“ಮದುವಿ ಆದ ವರ್ಷ ಪಂಚಮಿಗೇ ಅಂದಿದ್ದರು. ನಾ ತವರಮನಿಗೆ ಹೊಂಟಿದ್ದೆ. ‘ನಿಮ್ಮ ಆಯಿಗೆ ಹೇಳು, ನಮ್ಮ ಮುಂದ ಬೆಲ್ಲದ ಉಂಡಿ ತಿನ್ನಲಿಕ್ಕೆ ಅಡ್ಡಿಯಿಲ್ಲ’ ಅಂತ ನಕ್ಕರು. ಆವತ್ತ ಅವರ ಬಾಯಿಂದನೇ ನನಗ ರೆಪ್ಪಿ ಬಣ್ಣ ಇಳಿದದ್ದು ಗೊತ್ತಾತು. ಮನಿಗೆ ಬಂದು ಅಪ್ಪಾನ್ನ ಹಿಡದು ಕೇಳಿದೆ. ಗುಳಿಗಿ ಉಗುಳಿದ್ದೂ ಹೇಳಿದರು.”

“ಮತ್ತ ಆಯಿಗೆ ಹೇಳಲಿಲ್ಲ ನೀ?”

ಅವಳು ಒಂದು ಎಲೆ ತೊಳೆದು ಗೋಡೆಗೆ ಒರಗಿಸಿದಳು, ಇನ್ನೊಂದು ಎತ್ತಿಕೊಂಡಳು.

“ಏನಂತ ಹೇಳಲಿ? ಅವರಿಗೆ ಮೊದಲೇ ಗೊತ್ತಿತ್ತು, ನಿನ್ನ ಕಣ್ಣು ಸುಮ್ಮನ ಹೋದವು ಅಂತ ಹೇಳಲೇನು? ನನ್ನ ದಾಟಿಸೇನಿ ಅಂತ ಕುಂತಿದ್ದಳಲ್ಲ ಮೌಶಿ, ಆಕಿ ಕಡೆ ಇದ್ದದ್ದ ಅಷ್ಟು. ಅದನ್ನೂ ಕಸಗೊಳ್ಳಲೇನು?”

“ಅದಕ್ಕ ಇಷ್ಟು ವರ್ಷ ಅತ್ತಿ ಅಂದದ್ದೆಲ್ಲ ಕೇಳಿಕೊಂಡಿದ್ದೆಯೇನು?”

“ಎದುರು ಮಾತಾಡಿದ್ರ ಅವರು ಇಲ್ಲಿಗೆ ಬಂದು ಆಯಿ ಮುಂದ ಹೇಳಿಬಿಡತಿದ್ದರು. ಪ್ರತಿ ಸಲ ಅದೇ ಅಂತಿದ್ದರು, ನಕ್ಕೋತ.”

ಒಳಗಿನಿಂದ ಅತ್ತೆಯ ದನಿ ಬಂತು, ಇನ್ನೂ ಎಷ್ಟು ಹೊತ್ತು ಎಲೆ ತೊಳೆಯುತ್ತೀ ಅಂತ. ಸುಧಾ ಏಳಲಿಲ್ಲ, ಉತ್ತರವನ್ನೂ ಕೊಡಲಿಲ್ಲ. ಎರಡನೇ ಸಲ ಕೂಗಿದರು. ಸುಧಾ ಕೈಯಲ್ಲಿದ್ದ ಎಲೆಯನ್ನು ತಿರುವಿ ಇನ್ನೊಂದು ಮಗ್ಗಲು ತೊಳೆದಳು, ನಿಧಾನವಾಗಿ, ದಿಂಡಿನ ತನಕ. ಮೂರನೇ ಸಲಕ್ಕೆ ಒಳಗಿನ ದನಿಯಲ್ಲಿ ನಗು ಇರಲಿಲ್ಲ.

“ಕೂಗಲಿ ಬಿಡ್ರಿ, ಮೌಶಿ” ಅಂದಳು. “ಇನ್ನ ಯಾರಿಗೆ ಹೇಳತಾರ?”